ಅಳಿವೆಯಲ್ಲಿ ಕರಗಿದ ಜ್ವಾಲಾಮುಖಿ

ನದಿ ಕಡಲನ್ನು ಸೇರುವ ಬಾಯಿಗೆ ಕರಾವಳಿಯ ಕನ್ನಡದಲ್ಲಿ ಅಳಿವೆ ಎಂಬ ಹೆಸರಿದೆ. ಉಬ್ಬರದ ಹೊತ್ತಿಗೆ ಅಲ್ಲಿ ಉಪ್ಪುನೀರು ಒಳನುಗ್ಗುತ್ತದೆ, ಇಳಿತದ ಹೊತ್ತಿಗೆ ಸಿಹಿನೀರು ಅದನ್ನು ಹೊರಗೆ ತಳ್ಳುತ್ತದೆ. ಜ್ವಾಲಾಮುಖಿ ಈ ನೀರಿನ ಗುಣವನ್ನು ಎರಡು ಬಗೆಯಲ್ಲಿ ಬದಲಿಸುತ್ತದೆ. ಸಿಡಿದ ಬೆನ್ನಿಗೇ ಬೂದಿ, ಆಮ್ಲ, ಕೆಸರು ಹೊಳೆಗಿಳಿದು ಗಂಟೆಗಳಲ್ಲೋ ದಿನಗಳಲ್ಲೋ ಅಳಿವೆ ಮುಟ್ಟುವುದು ಒಂದು ಬಗೆ. ಬೆಂಕಿ ಆರಿ ಕೋಟ್ಯಂತರ ವರ್ಷ ಕಳೆದ ಮೇಲೂ, ತಣ್ಣಗಾದ ಲಾವಾ ಬಂಡೆ ಪ್ರತಿ ಮಳೆಗಾಲದಲ್ಲಿ ಒಂದಿಷ್ಟು ಕರಗಿ ನೀರಿನೊಡನೆ ಹೋಗುತ್ತಲೇ ಇರುವುದು ಇನ್ನೊಂದು ಬಗೆ. ಮೊದಲನೆಯದು ಜಗತ್ತಿನ ಸುದ್ದಿಯಾಗುತ್ತದೆ, ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಕೃಷ್ಣೆಯ ಅಳಿವೆಯ ಮಟ್ಟಿಗೆ ಮಾತ್ರ ಎರಡನೆಯದೇ ದೊಡ್ಡದು.

ಆ ಅಳಿವೆ ಇರುವುದು ಆಂಧ್ರದ ಹಂಸಲದೀವಿಯ ಬಳಿ. ಬಾಗಲಕೋಟೆ ಜಿಲ್ಲೆಗೂ ಅದಕ್ಕೂ ನೀರಿನ ನಂಟು ನೇರವಾದದ್ದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ದಾಟಿ, ಪಟ್ಟದಕಲ್ಲು, ಐಹೊಳೆಯ ಗುಡಿಗಳ ಮಗ್ಗುಲಲ್ಲಿ ಹರಿದು, ಅದೇ ಜಿಲ್ಲೆಯ ಕಮತಗಿ ಊರಿನ ಸೀಮೆ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಗೆ ಅದರ 304 ಕಿ.ಮೀ. ಹರಿವು ಮುಗಿಯಿತು. ಮಹಾಬಳೇಶ್ವರದಲ್ಲಿ 1,337 ಮೀಟರ್ ಎತ್ತರದಲ್ಲಿ ಹೊರಟ ಕೃಷ್ಣೆ ಒಟ್ಟು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಕಮತಗಿಯ ಎರೆಹೊಲದಿಂದ ಜುಲೈ ತಿಂಗಳಲ್ಲಿ ಇಳಿದ ಕಪ್ಪು ರಾಡಿಗೂ ನಿಸರ್ಗ ಗೊತ್ತುಮಾಡಿದ ಕೊನೆಯ ಊರು ಹಂಸಲದೀವಿಯೇ.

ಅಳಿವೆಯಲ್ಲಿ ಕೂಡುವ ಎರಡು ನೀರುಗಳ ನಡುವಿನ ಅಂತರ ಬಹಳ ದೊಡ್ಡದು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಜಗತ್ತಿನ ನದಿಗಳ ಸರಾಸರಿ ತೆಗೆದರೆ ಲೀಟರಿಗೆ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲಿನಷ್ಟೇ. ಕಡಲಿನಲ್ಲಿ ಸೋಡಿಯಂ ಮತ್ತು ಕ್ಲೋರೈಡಿನ ಕಾರುಬಾರು, ನದಿಯಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟಿನದು. ಮೇಲ್ಪದರದ ಕಡಲನೀರಿನಲ್ಲಿ ಸಿಲಿಕಾ ಅತಿ ಕಡಿಮೆ, ನದಿಯಲ್ಲಿ ಧಾರಾಳ. ಕಡಲನೀರಿನ ಪಿಎಚ್ ಸುಮಾರು 8.1ರ ಆಸುಪಾಸು ನಿಂತಿರುತ್ತದೆ, ನದಿಯದು ಮಳೆ, ಮಣ್ಣು, ಬಂಡೆಗಳಿಗೆ ತಕ್ಕಂತೆ ಏರಿಳಿಯುತ್ತದೆ. ಹೀಗಾಗಿ ಅಳಿವೆಯಲ್ಲಿ ನೀರು ಬೆರೆಯುವುದರ ಜೊತೆಗೆ ಹಳೆಯ ನಂಟುಗಳು ಕಡಿದು ಹೊಸವು ಕೂಡುತ್ತವೆ. ಕರಗಿದ್ದದ್ದು ಹೆಪ್ಪುಗಟ್ಟಿ ತಳಕ್ಕೆ ಕೂರುತ್ತದೆ, ಮಣ್ಣಿಗೆ ಅಂಟಿದ್ದದ್ದು ಬಿಡಿಸಿಕೊಂಡು ನೀರಿಗೆ ಬರುತ್ತದೆ. ಜ್ವಾಲಾಮುಖಿಯ ಸರಕು ಬಂದು ಬೀಳುವುದು ಈ ಗಡಿಬಿಡಿಯ ಸಂತೆಗೆ.

ಸಿಡಿದ ಬೆನ್ನಿಗೇ

ಜ್ವಾಲಾಮುಖಿಯ ಬೂದಿಗೂ ಒಲೆಯ ಬೂದಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಒಲೆಯ ಬೂದಿ ಕಟ್ಟಿಗೆ ಉರಿದು ಉಳಿದದ್ದು. ಜ್ವಾಲಾಮುಖಿಯದು ಗಾಳಿಗೆ ಚಿಮ್ಮಿ ಕ್ಷಣಾರ್ಧದಲ್ಲಿ ಗಟ್ಟಿಯಾದ ಕಲ್ಲಿನ, ಗಾಜಿನ ಪುಡಿ. ಅದು ಮೇಲೇರುವ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್, ಹೈಡ್ರೋಕ್ಲೋರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲಗಳ ಆವಿ ಇರುತ್ತವೆ. ತಣ್ಣಗಾಗುತ್ತ ಇವು ಬೂದಿಯ ಪ್ರತಿಯೊಂದು ಕಣದ ಮೇಲೂ ತೆಳುವಾದ ಲವಣದ ಲೇಪವಾಗಿ ಕೂರುತ್ತವೆ. ನೀರು ಸೋಂಕಿದ ಕೂಡಲೇ ಮೊದಲು ಕರಗುವುದು ಈ ಲೇಪ. ಆದ್ದರಿಂದ ಸಿಡಿತದ ನಂತರದ ಮೊದಲ ಮಳೆಗೆ ಹೊಳೆಯ ನೀರು ಒಮ್ಮೆಗೇ ಹುಳಿಯಾಗಿ, ಅದರಲ್ಲಿ ಸಲ್ಫೇಟ್, ಕ್ಲೋರೈಡ್, ಫ್ಲೋರೈಡ್, ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ ಏರುತ್ತವೆ. ಎರಡನೆಯ, ಮೂರನೆಯ ಮಳೆಗೆ ಈ ಏರಿಕೆ ಇಳಿಮುಖವಾಗುತ್ತದೆ.

ಫ್ಲೋರೈಡಿನ ಕೇಡು ಎಷ್ಟು ದೊಡ್ಡದೆಂದು 1783ರಲ್ಲಿ ಐಸ್‌ಲ್ಯಾಂಡ್ ಕಂಡಿತು. ಅಲ್ಲಿನ ಲಾಕಿ ಬಿರುಕು ಎಂಟು ತಿಂಗಳು ಉಗುಳಿದ ಲಾವಾ ಮತ್ತು ಅನಿಲದಿಂದ ಹುಲ್ಲು, ನೀರು ಎರಡೂ ಕೆಟ್ಟವು. ದನಗಳಲ್ಲಿ ಅರ್ಧದಷ್ಟು, ಕುರಿಗಳಲ್ಲಿ ಬಹುಪಾಲು ಸತ್ತವು. ಬೆನ್ನಿಗೇ ಬಂದ ಬರದಲ್ಲಿ ಜನಸಂಖ್ಯೆಯ ಐದರಲ್ಲೊಂದು ಪಾಲು ಅಳಿಯಿತು.

ಅಂಥ ಹುಳಿನೀರು ಅಳಿವೆಗೆ ಬಂದಾಗ ಕಡಲು ಅದನ್ನು ತಡೆಯುತ್ತದೆ. ಕಡಲನೀರಿನ ಬೈಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಪಿಎಚ್ ಏರಿದ್ದೇ ತಡ, ಹುಳಿಯಲ್ಲಿ ಸುಖವಾಗಿ ಕರಗಿದ್ದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮೊಸರಿನಂತೆ ಒಡೆದು ಬೇರೆಯಾಗಿ ತಳ ಸೇರುತ್ತವೆ. ಹೋಗುವಾಗ ನೀರಿನ ಫಾಸ್ಫೇಟನ್ನೂ ವಿಷಲೋಹಗಳನ್ನೂ ಮೈಗಂಟಿಸಿಕೊಂಡು ಹೋಗುತ್ತವೆ. ನೀರು ತಿಳಿಯಾಗುತ್ತದೆ, ಆದರೆ ಭಾರವೆಲ್ಲ ಅಳಿವೆಯ ಕೆಸರಿನಲ್ಲಿ ಉಳಿಯುತ್ತದೆ. ಕಡಲು ಜ್ವಾಲಾಮುಖಿಯ ಹೊಲಸನ್ನು ತೊಳೆಯುತ್ತದೆ ಎನ್ನುವವರು ಆ ಕೆಸರಿನಲ್ಲಿ ಬಾಳುವ ಚಿಪ್ಪು, ಏಡಿ, ಹುಳುಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈ ಕ್ರಿಯೆಯನ್ನು ಉದ್ದಕ್ಕೂ ನೋಡಬಹುದಾದ ಹೊಳೆಯೊಂದು ಪೂರ್ವ ಜಾವಾದಲ್ಲಿದೆ. ಅಲ್ಲಿನ ಕಾವಾ ಇಜೆನ್ ಜ್ವಾಲಾಮುಖಿಯ ಬಾಯಲ್ಲಿ ನಿಂತಿರುವ ಹಸಿರುನೀಲಿ ಕೆರೆ ಜಗತ್ತಿನಲ್ಲೇ ಅತಿ ದೊಡ್ಡ ಆಮ್ಲದ ಕೆರೆ. ಅದರ ಪಿಎಚ್ 0.5ಕ್ಕೂ ಕಡಿಮೆ. ನಿಂಬೆರಸದ ಪಿಎಚ್ ಎರಡರ ಆಸುಪಾಸಿನದು, ಈ ಕೆರೆಯ ನೀರು ಅದಕ್ಕಿಂತ ಹತ್ತಾರು ಪಟ್ಟು ಹುಳಿ. ಕೆರೆಯ ಮಗ್ಗುಲಿಂದ ಜಿನುಗುವ ನೀರೇ ಹೊಳೆಯಾಗಿ ಹರಿಯುತ್ತದೆ. ಮೇಲೆ ಅದರ ಹೆಸರು ಬನ್ಯುಪಹಿತ್, ಅಂದರೆ ಕಹಿನೀರು. ಕೆಳಗೆ ಬಯಲಿಗಿಳಿದ ಮೇಲೆ ಬನ್ಯುಪುತಿಹ್, ಅಂದರೆ ಬಿಳಿನೀರು. ಸುಮಾರು 40 ಕಿ.ಮೀ. ದಾರಿಯಲ್ಲಿ ಬೇರೆ ಹಳ್ಳಗಳ ಸಿಹಿನೀರು ಕೂಡುತ್ತ ಹೋದಂತೆ ಹುಳಿ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಕಡಲಂಚಿನ ಅಸೆಂಬಾಗುಸ್ ಬಯಲಿನ ರೈತರು ಇದೇ ನೀರನ್ನು ಗದ್ದೆಗಳಿಗೆ ಹಾಯಿಸುತ್ತಾರೆ. ಹೊಳೆಯ ಫ್ಲೋರೈಡ್ ಬಾವಿಗಳಿಗೂ ಇಳಿದು, ಅಲ್ಲಿನ ಜನರ ಹಲ್ಲುಗಳ ಮೇಲೆ ಕಂದು ಕಲೆ ಮೂಡಿಸಿದೆ. ಹುನಗುಂದ, ಇಳಕಲ್ ಕಡೆಯ ಓದುಗರಿಗೆ ಆ ಕಲೆ ಹೊಸದಲ್ಲ. ಇಲ್ಲಿನ ಕೊಳವೆಬಾವಿಗಳಲ್ಲಿಯೂ ಫ್ಲೋರೈಡ್ ಇದೆ, ಆದರೆ ಅದು ಬಂದದ್ದು ಜ್ವಾಲಾಮುಖಿಯಿಂದಲ್ಲ, ಇಲ್ಲಿನ ಕೆಂಪು ಗ್ರಾನೈಟಿನ ಖನಿಜಗಳಿಂದ. ಮೂಲ ಬೇರೆಯಾದರೂ ಹಲ್ಲಿನ ಮೇಲೆ ಬೀಳುವ ಗುರುತು ಒಂದೇ.

ಕೆಸರಿನ ಹೊಡೆತ ಎಂಥದೆಂಬುದಕ್ಕೆ ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟ ಸಾಕ್ಷಿ. 1980ರ ಮೇ 18ರ ಬೆಳಿಗ್ಗೆ ಅದು ಸಿಡಿದಾಗ ಹಿಮ ಕರಗಿ ಬೂದಿಯೊಡನೆ ಬೆರೆತು, ಕಲಸಿದ ಗಾರೆಯಂಥ ಪ್ರವಾಹವಾಗಿ ಟೌಟಲ್, ಕೌಲಿಟ್ಜ್ ಹೊಳೆಗಳಲ್ಲಿ ಇಳಿದು ಕೊಲಂಬಿಯಾ ಮಹಾನದಿಗೆ ನುಗ್ಗಿತು. ಹಡಗು ಓಡಾಡುವ ಕಾಲುವೆಯ ಆಳ 40 ಅಡಿಯಿಂದ 14 ಅಡಿಗೆ ಇಳಿಯಿತು. ಆ ಸಂಗಮ ಕಡಲಿನಿಂದ ನೂರಕ್ಕೂ ಹೆಚ್ಚು ಕಿ.ಮೀ. ಒಳಗಿದ್ದರೂ ಉಬ್ಬರವಿಳಿತದ ಉಸಿರು ಅಲ್ಲಿವರೆಗೂ ಮುಟ್ಟುತ್ತದೆ. ಬೆಟ್ಟದ ಬುಡದ ಸ್ಪಿರಿಟ್ ಕೆರೆಯಲ್ಲಂತೂ ಸುಟ್ಟ ಕಾಡಿನ ಅವಶೇಷ ಕೊಳೆತು ಆಮ್ಲಜನಕ ಬರಿದಾಯಿತು, ಕರಗಿದ ಕಬ್ಬಿಣ ಮತ್ತು ಮ್ಯಾಂಗನೀಸ್ ಏರಿದವು. ಹೂಳು ಇಳಿದು ಬರುವುದನ್ನು ತಡೆಯಲೆಂದೇ ಟೌಟಲ್ ಹೊಳೆಗೆ ಅಡ್ಡಲಾಗಿ ಕಟ್ಟೆಯೊಂದನ್ನು ಕಟ್ಟಬೇಕಾಯಿತು.

ಐಸ್‌ಲ್ಯಾಂಡಿನಲ್ಲಿ 1996ರ ಸೆಪ್ಟೆಂಬರ್ ಕೊನೆಗೆ ವಾಟ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಎದ್ದಿತು. ಕರಗಿದ ನೀರು ಐದು ವಾರ ಹಿಮದಡಿಯೇ ತುಂಬಿಕೊಂಡು, ನವೆಂಬರ್ 5ರಂದು ಒಡೆದು ಕಡಲಿಗೆ ನುಗ್ಗಿತು. ಎರಡೇ ದಿನದೊಳಗೆ ಅದು ಹೊತ್ತೊಯ್ದ ಹೂಳು ಸುಮಾರು 18 ಕೋಟಿ ಟನ್. ಭೂಮಿಯ ನದಿಗಳೆಲ್ಲ ಸೇರಿ ವರ್ಷವಿಡೀ ಕಡಲಿಗೆ ಒಯ್ಯುವ ಹೂಳಿನ ನೂರರಲ್ಲೊಂದು ಪಾಲು ಅದು.

ಇಂಥ ಬೂದಿ ಭಾರತದ ಹೊಳೆಗಳಿಗೂ ಬಿದ್ದದ್ದುಂಟು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಅದರ ಬೂದಿ ಬಂಗಾಳ ಕೊಲ್ಲಿ ದಾಟಿ ದಖ್ಖನ್ನಿನ ಮೇಲೆಲ್ಲ ಕೂತಿತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಜುರ್ರೇರು ಹಳ್ಳದ ಕಣಿವೆಗೆ ಮಳೆನೀರು ಸುತ್ತಲಿನ ಬೂದಿಯನ್ನೆಲ್ಲ ತಂದು ಸುರಿದದ್ದರಿಂದ ಪದರ ಎರಡು ಮೀಟರಿಗೂ ದಪ್ಪವಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಬ್ರಿಟನ್ನಿನ ಸಂಗಡಿಗರು ಆ ಪದರದ ಕೆಳಗೂ ಮೇಲೂ ಮಾನವರ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಬೂದಿ ಮನುಷ್ಯರನ್ನು ಪೂರ್ತಿ ಅಳಿಸಲಿಲ್ಲ ಎಂಬುದಕ್ಕೆ ಅದೊಂದು ಬಲವಾದ ಪುರಾವೆ. ಅಂಥದೇ ಬೂದಿಪದರ ಕೃಷ್ಣಾ ಕೊಳ್ಳದ ಒಳಗೂ ಇದೆ, ಭೀಮೆಯ ನೀರಿನ ಬಳಗಕ್ಕೆ ಸೇರಿದ ಕುಕಡಿ ಹೊಳೆಯ ದಂಡೆಯ ಬೋರಿಯಲ್ಲಿ. ಅದರ ವಯಸ್ಸಿನ ಬಗ್ಗೆ ವಿದ್ವಾಂಸರ ವಾದ ಬಹುಕಾಲ ನಡೆಯಿತು. ಗಾಜಿನ ಈ ಪುಡಿ ಸ್ಫಟಿಕದ ಕಲ್ಲಿಗಿಂತ ಬೇಗ ಕರಗುತ್ತದೆ, ಕರಗುತ್ತ ನೀರಿಗೆ ಸಿಲಿಕಾ ಬಿಡುತ್ತದೆ.

ಲಾವಾ ಅಳಿವೆಗೇ ಬಂದಾಗ

ದಖ್ಖನ್ನಿನ ಕಥೆ ಟೋಬಾಕ್ಕಿಂತ ಬಹಳ ಹಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹಾಸಿಕೊಂಡಿತು. ಇಂದು ಉಳಿದಿರುವ ಹಾಸೇ ಸುಮಾರು 5 ಲಕ್ಷ ಚದರ ಕಿ.ಮೀ. ಪಶ್ಚಿಮ ಘಟ್ಟದ ಕಡೆ ಅದರ ದಪ್ಪ ಎರಡು ಕಿ.ಮೀ. ಹತ್ತಿರ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಈ ಬೆಟ್ಟಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಡೆಕ್ಕನ್ ಟ್ರ್ಯಾಪ್, ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು.

ಆ ಲಾವಾದ ಕೆಲವು ಹರಿವುಗಳು ಆಗಿನ ನದಿಕಣಿವೆಗಳಲ್ಲೇ ದಾರಿ ಮಾಡಿಕೊಂಡು ಸುಮಾರು ಸಾವಿರ ಕಿ.ಮೀ. ಮೂಡಣಕ್ಕೆ ಹೋದವು. ಗೋದಾವರಿಯ ಬಾಯಿಯ ಬಳಿ ರಾಜಮಂಡ್ರಿಯಲ್ಲಿ ಕಾಣುವ ಕಪ್ಪುಕಲ್ಲು ಅದೇ. ಭೂಮಿಯ ಮೇಲೆ ಗೊತ್ತಿರುವ ಅತಿ ಉದ್ದದ ಲಾವಾ ಹರಿವುಗಳಲ್ಲಿ ಅದೂ ಒಂದು. ಅಲ್ಲಿನ ಕಲ್ಲುಗಣಿಗಳಲ್ಲಿ ಎರಡು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಕೆಸರಿನ ಪದರವೊಂದಿದೆ. ಅದರಲ್ಲಿರುವ ಸೂಕ್ಷ್ಮ ಚಿಪ್ಪುಗಳು ಅಳಿವೆಯ ಚಪ್ಪನೆಯ ಉಪ್ಪುನೀರಿನಲ್ಲಿ, ಆಳವಿಲ್ಲದ ಕಡಲಿನಲ್ಲಿ ಬದುಕುವ ಜೀವಿಗಳವು. ಅಂದರೆ ಅಂದಿನ ಅಳಿವೆಯೊಂದು ಲಾವಾಕ್ಕೆ ಸಿಕ್ಕು ಮುಚ್ಚಿಹೋಗಿ, ನಡುವಿನ ಬಿಡುವಿನಲ್ಲಿ ಮತ್ತೆ ಜೀವ ತಳೆದು, ಮತ್ತೊಮ್ಮೆ ಮುಚ್ಚಿಹೋಯಿತು. ಜ್ವಾಲಾಮುಖಿಗೂ ಅಳಿವೆಗೂ ನೇರ ಭೇಟಿಯಾದ ಇಂಥ ಜಾಗ ದೇಶದಲ್ಲಿ ಬೇರೆಡೆ ಹುಡುಕುವುದು ಕಷ್ಟ. ಅದು ಶಾಲೆಯ ಪಠ್ಯಕ್ಕೂ ಬರಬೇಕಾದ ಸಂಗತಿ.

ಎರೆಮಣ್ಣಿನ ಲೆಕ್ಕ

ಬಾಗಲಕೋಟೆ ಜಿಲ್ಲೆ ಆ ಲಾವಾ ಹಾಸಿನ ದಕ್ಷಿಣದ ಅಂಚು. ಬೀಳಗಿ, ಜಮಖಂಡಿ, ಮುಧೋಳದ ಕಡೆ ಆ ಲಾವಾ ತಣಿದು ಆದ ಕಪ್ಪು ಕಲ್ಲು, ಬಸಾಲ್ಟ್, ನೆಲದ ಮೇಲೇ ಕಾಣುತ್ತದೆ. ಅದರ ಅಂಚು ದಾಟಿ ಇತ್ತ ಬಂದರೆ ಕಲಾದಗಿಯ ಸುಣ್ಣದಕಲ್ಲು ಮತ್ತು ಬಿಳಿಯ ಗಟ್ಟಿಕಲ್ಲು, ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟು. ಈ ಸೀಮೆಯ ಬಂಡೆಗಳನ್ನು ಊರೂರು ತಿರುಗಿ ನಕ್ಷೆ ಮಾಡಿದವರು ರಾಬರ್ಟ್ ಬ್ರೂಸ್ ಫೂಟ್. ಅವರ ವರದಿ 1876ರಲ್ಲಿ ಹೊರಬಂತು. ಹುನಗುಂದದಿಂದ ಕುಷ್ಟಗಿಯತ್ತ ಹೋಗುವ ಹಸಿರುಗಪ್ಪು ಕಲ್ಲಿನ ಪಟ್ಟಿಯಲ್ಲಿಯೂ ಲಾವಾ ಇದೆ, ಆದರೆ ಅದು 250 ಕೋಟಿ ವರ್ಷಗಳಿಗೂ ಹಿಂದಿನದು, ಒತ್ತಡಕ್ಕೆ ಸಿಕ್ಕು ರೂಪ ಬದಲಿಸಿದ್ದು. ಹೀಗೆ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಹಲವು ಬಂಡೆಗಳನ್ನು ತೊಳೆದುಕೊಂಡು ಬರುತ್ತವೆ. ಬಾದಾಮಿಯ ಮರಳುಗಲ್ಲು ನೀರಿಗೆ ಕೊಡುವುದು ಬಹಳ ಕಡಿಮೆ, ಅದು ಬಹುತೇಕ ಬೆಣಚಿನ ಹರಳು. ಬಸಾಲ್ಟಿನ ಗುಣ ಅದಕ್ಕೆ ಪೂರ್ತಿ ವಿರುದ್ಧ.

ಬಸಾಲ್ಟಿನಲ್ಲಿ ಅರ್ಧದಷ್ಟು ಸಿಲಿಕಾ. ಉಳಿದದ್ದರಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ. ಬೀಳಗಿಯ ಕಡೆ ರಸ್ತೆಗೆಂದು ಕಡಿದ ದಿಣ್ಣೆಯೊಂದನ್ನು ಹತ್ತಿರದಿಂದ ನೋಡಿದರೆ ಈ ಕಲ್ಲು ಸಾಯುವ ಬಗೆ ಕಣ್ಣಿಗೆ ಕಟ್ಟುತ್ತದೆ. ನಡುವೆ ಕಬ್ಬಿಣದಷ್ಟು ಗಟ್ಟಿಯಾದ ಕರಿಗುಂಡು. ಅದರ ಸುತ್ತ ಉಳ್ಳಾಗಡ್ಡಿಯ ಸಿಪ್ಪೆಯಂತೆ ಒಂದರ ಮೇಲೊಂದು ಪದರ, ಹೊರಗೆ ಬಂದಷ್ಟೂ ಕಂದು, ಬಂದಷ್ಟೂ ಮೆದು. ಕೊನೆಯ ಪದರ ಉಗುರಿಗೇ ಎದ್ದುಬರುತ್ತದೆ. ಅದರಾಚೆ ಗರಸು, ಗರಸಿನ ಮೇಲೆ ಎರೆ. ಮಳೆನೀರು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಸೋಡಾ ಬಾಟಲಿಯಲ್ಲಿರುವಂಥದೇ ಸೌಮ್ಯ ಆಮ್ಲವಾಗುತ್ತದೆ. ಮಣ್ಣಿನಲ್ಲಿ ಬೇರುಗಳ, ಸೂಕ್ಷ್ಮಜೀವಿಗಳ ಉಸಿರು ಸೇರಿ ಅದರ ಬಲ ಹೆಚ್ಚುತ್ತದೆ. ಆ ನೀರು ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಿಲಿಕಾಗಳನ್ನು ಬಿಡಿಸಿಕೊಂಡು ಹೋಗುತ್ತದೆ. ಬಿಟ್ಟುಹೋದದ್ದೇ ಜಿಗುಟು ಜೇಡಿ, ಹಿಂಗಾರಿ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ಹಸಿ ಹಿಡಿದಿಡುವ ಎರೆಮಣ್ಣು. ಬೇಸಿಗೆಯಲ್ಲಿ ಈ ಮಣ್ಣು ಬಾಯಿ ಬಿಡುವುದು, ಮಳೆಗೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವುದು ಎರಡಕ್ಕೂ ಕಾರಣ ಅದರ ಸ್ಮೆಕ್ಟೈಟ್ ಜೇಡಿ. ಅದರ ಹಾಳೆಗಳ ನಡುವೆ ನೀರು ಹೊಕ್ಕು ಹೊರಡುತ್ತದೆ.

ಕರಗಿದ್ದರಲ್ಲಿ ಒಂದು ಪಾಲು ದೂರ ಹೋಗದೆ ಹೊಲದಲ್ಲೇ ಉಳಿಯುತ್ತದೆ. ಎರೆಹೊಲ ಅಗೆದರೆ ಸಿಗುವ ಬಿಳಿ ಸುಣ್ಣದ ಹರಳುಗಳು ಬೇಸಿಗೆಯಲ್ಲಿ ನೀರು ಆರುವಾಗ ಹೆಪ್ಪುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನೊಂದು ಪಾಲು ಬಾವಿಗೆ ಇಳಿಯುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿ ಹಕ್ಕಳೆ ಅದೇ. ಗಡಸು ನೀರಿನಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ, ಕ್ಯಾಲ್ಸಿಯಂ ಅದನ್ನು ಹಿಡಿದು ಜಿಡ್ಡಿನಂಥ ಹಿಪ್ಪೆ ಮಾಡಿಬಿಡುತ್ತದೆ. ಇಳಕಲ್ ಸೀರೆ ನೇಯುವ ಕಮತಗಿಯಂಥ ಊರಿನಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ಇದು ದಿನದ ಮಾತು. ಗಡಸು ನೀರಿನಲ್ಲಿ ಅದ್ದಿದ ಲಡಿಗೆ ಬಣ್ಣ ಒಂದೇ ಸಮ ಹತ್ತುವುದು ಕಷ್ಟ. ಆ ಗಡಸುತನದಲ್ಲಿ ಕಲಾದಗಿಯ ಸುಣ್ಣದಕಲ್ಲಿನ ಪಾಲೂ ಇದೆ, ಆರಿದ ಲಾವಾದ ಪಾಲೂ ಇದೆ.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 2001 ಮತ್ತು 2002ರ ಮಳೆಗಾಲಗಳಲ್ಲಿ ಕೃಷ್ಣೆ, ಭೀಮೆ, ಅವುಗಳ ಉಪನದಿಗಳ ನೀರನ್ನು ಸಂಗ್ರಹಿಸಿ ಅಳೆದರು. ಬರಿಯ ಬಸಾಲ್ಟಿನ ಮೇಲೆ ಹರಿದ ನೀರಿಗೂ, ಸುಣ್ಣದಕಲ್ಲು ಮತ್ತು ಸವಳು ಮಣ್ಣು ತೊಳೆದುಬಂದ ನೀರಿಗೂ ಅವರಿಗೆ ಸ್ಪಷ್ಟ ಅಂತರ ಕಂಡಿತು. ಇಂಥ ಅಳತೆಗಳಿಂದ ಜಗತ್ತಿಗೆ ತಿಳಿದುಬಂದ ಸಂಗತಿ ದೊಡ್ಡದು. ಭೂಮಿಯ ನೆಲದಲ್ಲಿ ಬಸಾಲ್ಟ್ ಆವರಿಸಿರುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಸಿಲಿಕೇಟ್ ಬಂಡೆಗಳು ಕರಗುವಾಗ ಗಾಳಿಯಿಂದ ಹೀರುವ ಇಂಗಾಲದ ಡೈಆಕ್ಸೈಡಿನಲ್ಲಿ ಮಾತ್ರ ನೂರಕ್ಕೆ ಸುಮಾರು ಮೂವತ್ತರಷ್ಟು ಪಾಲು ಅದರದು. ಜ್ವಾಲಾಮುಖಿ ಒಮ್ಮೆ ಗಾಳಿಗೆ ಉಗುಳಿದ ಇಂಗಾಲವನ್ನು ಅದರದೇ ಕಲ್ಲು ಬೈಕಾರ್ಬೊನೇಟಾಗಿ ಹಿಂದಕ್ಕೆ ಪಡೆದು ನದಿಗೆ ಕೊಡುತ್ತದೆ. ಆ ಬೈಕಾರ್ಬೊನೇಟ್ ಕಡಲು ಸೇರುವ ಬಾಗಿಲು ಅಳಿವೆ.

ಹಂಸಲದೀವಿಯಲ್ಲಿ

ವಿಜಯವಾಡದ ಪ್ರಕಾಶಂ ಬ್ಯಾರೇಜು ದಾಟಿದ ಕೃಷ್ಣೆ ಪುಲಿಗಡ್ಡದ ಬಳಿ ಕವಲೊಡೆದು, ದಿವಿಸೀಮೆಯನ್ನು ತಬ್ಬಿಕೊಂಡು ಕಡಲಿಗಿಳಿಯುತ್ತದೆ. ಬಾಯಿಯ ಸುತ್ತ ಮ್ಯಾಂಗ್ರೋವ್ ಕಾಡು, ಕೆಸರುದಿಬ್ಬ. ಹೊಳೆ ತುಂಬಿ ಬಂದ ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ದೂರ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪು ಕವಲುಗಳ ಒಳಗೆ ಏರಿ ಬರುತ್ತದೆ.

ಜೇಡಿಯ ಕಣಗಳಿಗೆ ಇಲ್ಲಿ ಮೊದಲ ಬದಲಾವಣೆ. ಸಿಹಿನೀರಿನಲ್ಲಿ ಪ್ರತಿ ಕಣದ ಮೇಲೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತವೆ, ನೀರು ರಾಡಿಯಾಗಿಯೇ ಇರುತ್ತದೆ. ಉಪ್ಪು ತಗುಲಿದ ಕೂಡಲೇ ಆ ದೂಡುವಿಕೆ ಸೋಲುತ್ತದೆ. ಕಣಗಳು ಅಂಟಿಕೊಂಡು ಹಿಂಜಿದ ಅರಳೆಯಂಥ ಗಂಟುಗಳಾಗಿ ತಳಕ್ಕೆ ಇಳಿಯುತ್ತವೆ. ಕೆಸರುದಿಬ್ಬ ಬೆಳೆಯುವುದು ಹೀಗೆ. ಜೊತೆಯಲ್ಲೇ ಇನ್ನೊಂದು ವಿನಿಮಯ ನಡೆಯುತ್ತದೆ. ಸ್ಮೆಕ್ಟೈಟ್ ಜೇಡಿ ತನ್ನ ಹಾಳೆಗಳ ನಡುವೆ ದಾರಿಯುದ್ದಕ್ಕೂ ಕ್ಯಾಲ್ಸಿಯಂ ಹಿಡಿದುಕೊಂಡು ಬಂದಿರುತ್ತದೆ. ಕಡಲನೀರಿನ ಸೋಡಿಯಂ ಗುಂಪುಗಟ್ಟಿ ಬಂದು ಅದನ್ನು ಎಬ್ಬಿಸಿ ತಾನು ಕೂರುತ್ತದೆ.

ಸವಳು ಹೊಲ ಕಂಡ ರೈತನಿಗೆ ಈ ಸೋಡಿಯಂ ಪರಿಚಿತ. ಕಾಲುವೆ ನೀರು ಅತಿಯಾಗಿ ಹಾಯಿಸಿದ ಎರೆಹೊಲದಲ್ಲಿ ಸೋಡಿಯಂ ಜೇಡಿಗೆ ಹತ್ತಿಕೊಂಡರೆ ಮಣ್ಣಿನ ಹೆಂಟೆ ಒಡೆದು, ನೀರು ಇಂಗದೆ, ನೆಲ ಕಟ್ಟಿಹೋಗುತ್ತದೆ. ಅದನ್ನು ಬಿಡಿಸಲೆಂದೇ ಹೊಲಕ್ಕೆ ಜಿಪ್ಸಂ ಹಾಕುತ್ತಾರೆ, ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರಗೆ ಹಾಕುತ್ತದೆ. ಅಳಿವೆಯಲ್ಲಿ ನಡೆಯುವುದು ಇದರ ತಿರುಗುಮುರುಗು. ಹೊಲದಲ್ಲಿ ಸೋಡಿಯಂ ಜೇಡಿಯನ್ನು ಚದುರಿಸಿದರೆ ಕಡಲಿನಲ್ಲಿ ಏಕೆ ಒಗ್ಗೂಡಿಸುತ್ತದೆ ಎಂಬ ಪ್ರಶ್ನೆ ಸಹಜ. ವ್ಯತ್ಯಾಸ ಇರುವುದು ನೀರಿನ ಒಟ್ಟು ಉಪ್ಪಿನಲ್ಲಿ. ತೆಳು ನೀರಿನಲ್ಲಿ ಸೋಡಿಯಂ ಹೊತ್ತ ಕಣಗಳು ದೂರ ಸರಿಯುತ್ತವೆ, ಲೀಟರಿಗೆ ಹತ್ತಾರು ಗ್ರಾಂ ಉಪ್ಪಿರುವ ನೀರಿನ ಒತ್ತಡದಲ್ಲಿ ದೂರ ಸರಿಯಲು ಆಗುವುದಿಲ್ಲ.

ಬಸಾಲ್ಟಿನಿಂದ ಬಂದ ಕಬ್ಬಿಣದ ಗತಿಯೂ ಅಳಿವೆಯಲ್ಲೇ ತೀರ್ಮಾನವಾಗುತ್ತದೆ. ಹೊಳೆಯಲ್ಲಿ ಕರಗಿದ್ದಂತೆ ಕಾಣುವ ಕಬ್ಬಿಣದ ಬಹುಪಾಲು ಅತಿ ಸಣ್ಣ ಕಣಗಳ ರೂಪದ್ದು. ಉಪ್ಪು ತಗುಲಿದಾಗ ಅದೂ ಹೆಪ್ಪುಗಟ್ಟುತ್ತದೆ. ಸಾಮಾನ್ಯವಾಗಿ ಅದರ ಹೆಚ್ಚಿನ ಪಾಲು ಕಡಲು ಮುಟ್ಟುವ ಮೊದಲೇ ತಳ ಸೇರುತ್ತದೆ, ಫಾಸ್ಫೇಟನ್ನೂ ಜೊತೆಗೆ ಎಳೆದುಕೊಂಡು. ಮುಂದೆ ಆ ಕೆಸರಿನಲ್ಲಿ ಆಮ್ಲಜನಕ ತೀರಿದಾಗ ಕಬ್ಬಿಣ ಮತ್ತೆ ಕರಗಿ ಫಾಸ್ಫೇಟ್ ಬಿಡುಗಡೆಯಾಗುತ್ತದೆ.

ಇವೆಲ್ಲಕ್ಕಿಂತ ಜೀವಕ್ಕೆ ಹತ್ತಿರದ್ದು ಸಿಲಿಕಾ. ಬಸಾಲ್ಟ್ ಸೀಮೆಯ ನದಿಗಳಲ್ಲಿ ಅದರ ಪ್ರಮಾಣ ಜಗತ್ತಿನ ಸರಾಸರಿಗಿಂತ ಹೆಚ್ಚು. ಬರಿಗಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗಳು ಈ ಸಿಲಿಕಾದಿಂದಲೇ ಗಾಜಿನ ಪೆಟ್ಟಿಗೆಯಂಥ ಚಿಪ್ಪು ಕಟ್ಟಿಕೊಳ್ಳುತ್ತವೆ. ಪೆಟ್ಟಿಗೆಗೆ ಮುಚ್ಚಳವೂ ಉಂಟು, ಮೈತುಂಬ ಸಾಲುಸಾಲು ತೂತುಗಳ ಕಸೂತಿಯೂ ಉಂಟು. ಡಯಾಟಮ್ಮನ್ನು ಸಣ್ಣ ಸಿಗಡಿಗಳಂಥ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ನೀರಿನಲ್ಲಿ ಸಿಲಿಕಾ ಇರುವವರೆಗೆ ಗೊಬ್ಬರದ ಸಾರಜನಕವನ್ನು ಡಯಾಟಮ್ಮುಗಳು ಬಳಸಿಕೊಂಡು ಮೀನಿನ ಮೇವಾಗುತ್ತವೆ. ಸಿಲಿಕಾ ಕಡಿಮೆಯಾಗಿ ಸಾರಜನಕ ಹೆಚ್ಚಾದರೆ ಚಿಪ್ಪು ಬೇಡದ ಬೇರೆ ಪಾಚಿಗಳು ಆ ಜಾಗ ಹಿಡಿಯುತ್ತವೆ, ಅವುಗಳಲ್ಲಿ ಕೆಲವು ವಿಷಕಾರಿ.

ಕೃಷ್ಣೆಯ ಬಾಯಿಂದಾಚೆ ಬಂಗಾಳ ಕೊಲ್ಲಿಯ ತಳದ ಕೆಸರು ತೆಗೆದು ನೋಡಿದ ವಿಜ್ಞಾನಿಗಳು ಡೆಕ್ಕನ್ ಲಾವಾದ ಗುರುತನ್ನು ಸಲೀಸಾಗಿ ಹಿಡಿಯುತ್ತಾರೆ. ಸ್ಮೆಕ್ಟೈಟ್ ಒಂದು ಸುಳಿವು, ಸ್ಟ್ರಾಂಷಿಯಂ ಧಾತು ಇನ್ನೊಂದು. 87 ಮತ್ತು 86 ತೂಕದ ಸ್ಟ್ರಾಂಷಿಯಮ್ಮಿನ ಅನುಪಾತ ದಖ್ಖನ್ ಬಸಾಲ್ಟಿನಲ್ಲಿ ಕಡಿಮೆ, ಹಳೆಯ ಗ್ರಾನೈಟಿನಲ್ಲಿ ಹೆಚ್ಚು. ಯಾವ ಕಾಲದಲ್ಲಿ ಮಳೆ ಮೇಲಿನ ಲಾವಾ ನಾಡನ್ನು ಹೆಚ್ಚು ತೊಳೆಯಿತು, ಯಾವ ಕಾಲದಲ್ಲಿ ಕೆಳಗಿನ ಗ್ರಾನೈಟ್ ನಾಡನ್ನು ತೊಳೆಯಿತು ಎಂಬುದನ್ನು ಈ ಅನುಪಾತದ ಏರಿಳಿತದಿಂದ ಓದಲು ಸಾಧ್ಯ.

ದಾರಿಯಲ್ಲಿ ನಿಂತ ನೀರು

ಇಂದು ಕಮತಗಿಯಿಂದ ಹೊರಟ ನೀರಿನ ಮುಂದೆ ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ಪ್ರಕಾಶಂ ಬ್ಯಾರೇಜು ಸಾಲಾಗಿ ನಿಂತಿವೆ. ಘಟಪ್ರಭೆ ಮತ್ತು ಮೇಲಿನ ಕೃಷ್ಣೆಯ ನೀರಿಗೆ ಇವುಗಳ ಜೊತೆ ಆಲಮಟ್ಟಿಯೂ ಸೇರುತ್ತದೆ. ನಿಂತ ನೀರಿನಲ್ಲಿ ಕಪ್ಪು ಹೂಳು ತಳ ಸೇರುತ್ತದೆ. ತಿಳಿಯಾದ ನೀರಿಗೆ ಬಿಸಿಲು ಇಳಿದು ಡಯಾಟಮ್ಮುಗಳು ಅಲ್ಲೇ ಬೆಳೆದು, ಅಲ್ಲೇ ಸತ್ತು, ಸಿಲಿಕಾವನ್ನು ಅಣೆಕಟ್ಟಿನ ಹೂಳಿನಲ್ಲೇ ಬಿಡುತ್ತವೆ. ಯುರೋಪಿನ ಡ್ಯಾನ್ಯೂಬ್ ನದಿಗೆ 1972ರಲ್ಲಿ ಐರನ್ ಗೇಟ್ಸ್ ಅಣೆಕಟ್ಟು ಬಂದ ಮೇಲೆ ಕಪ್ಪು ಸಮುದ್ರ ಸೇರುವ ಸಿಲಿಕಾ ಇಳಿದು, ಅಲ್ಲಿನ ಪಾಚಿಗಳ ಜಾತಿಯೇ ಬದಲಾದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಣೆಕಟ್ಟು ರೈತನಿಗೆ ನೀರು ಕೊಟ್ಟಿದೆ, ಊರುಗಳಿಗೆ ಕುಡಿಯಲು ಕೊಟ್ಟಿದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಳಿವೆಯ ಪಾಲು ಅದರಿಂದ ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ.

1901ರಿಂದ 1960ರವರೆಗೆ ಕೃಷ್ಣೆ ಕಡಲಿಗೆ ಕೊಡುತ್ತಿದ್ದ ನೀರು ವರ್ಷಕ್ಕೆ ಸರಾಸರಿ 5,700 ಕೋಟಿ ಘನ ಮೀಟರ್, ಅಂದರೆ ಸುಮಾರು 2,000 ಟಿಎಂಸಿ. 2001ರ ನಂತರದ ಬರದ ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಸಿಹಿನೀರಿನ ಒತ್ತು ಇಲ್ಲದಾಗ ಉಪ್ಪು ಕವಲುಗಳ ಒಳಗೆ ಏರುತ್ತದೆ. ಹೂಳು ಬರದಿದ್ದರೆ ಅಲೆ ಕೊರೆದ ದಂಡೆಗೆ ಹೊಸ ಮಣ್ಣು ಸಿಗುವುದಿಲ್ಲ. ಮಲಪ್ರಭೆ, ಘಟಪ್ರಭೆಯ ಸೀಮೆಯಲ್ಲಿ ಲಾವಾ ಕಲ್ಲು ಮೊದಲಿನಂತೆಯೇ ಕರಗುತ್ತಿದೆ, ಕರಗಿದ್ದು ತಲುಪಬೇಕಾದಲ್ಲಿಗೆ ತಲುಪುತ್ತಿಲ್ಲ.

ಕಡಲಿಗೆ ಹರಿದ ನೀರು ಪೋಲಾಯಿತು ಎಂದು ಹೇಳುವ ರೂಢಿ ಕೃಷ್ಣಾ ಕೊಳ್ಳದ ಎಲ್ಲ ರಾಜ್ಯಗಳಲ್ಲೂ ಇದೆ. ಅಳಿವೆಯ ರಸಾಯನ ತಿಳಿದವರು ಈ ಮಾತನ್ನು ಒಪ್ಪುವುದು ಸಾಧ್ಯವಿಲ್ಲ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ 2,060 ಟಿಎಂಸಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ಆ ಹಂಚಿಕೆಯಲ್ಲಿ ಅಳಿವೆಗೆಂದು ತೆಗೆದಿಟ್ಟ ಪಾಲು ಇರಲಿಲ್ಲ. ಮುಂದಿನ ಹಂಚಿಕೆಗೆ ಕೂರುವವರು ಅದನ್ನು ಬರೆಯಬೇಕು. ನೀರಿನ ಟಿಎಂಸಿ ಎಣಿಸುವ ಜಾಗಗಳಲ್ಲೇ ಹೂಳು ಎಷ್ಟು, ಸಿಲಿಕಾ ಎಷ್ಟು ಎಂಬುದನ್ನೂ ವರ್ಷವರ್ಷ ಅಳೆದು ಜನರ ಮುಂದೆ ಇಡಬೇಕು.